ಬೋರ್ಡಿನ ಕೆಳಗಿನ ಬೋರ್ಡು

ಬಜ್ಪೆ

ಗಲ್ಫಿಗೆ ಹೋಗಿ ಬಂದವರು ಸೆಂಟು ತರುತ್ತಾರೆ, ಟಾರ್ಚು ತರುತ್ತಾರೆ, ಮಿಣಮಿಣ ಹೊಳೆಯುವ ಸೀರೆ ತರುತ್ತಾರೆ. ಬಹ್ರೇನಿನಿಂದ ನಾನು ಇವೆಲ್ಲವನ್ನೂ ತಂದೆ, ಜೊತೆಗೆ ಒಂದು ಪೆಟ್ಟಿಗೆ ತುಂಬುವಷ್ಟು ಹೊಟ್ಟೆಕಿಚ್ಚನ್ನೂ ತಂದೆ. ಬೊಂಬಾಯಿಯ ಕಸ್ಟಮ್ಸಿನವರು ಉಳಿದದ್ದನ್ನೆಲ್ಲ ಬಿಚ್ಚಿ ನೋಡಿದರು, ಅದೊಂದನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ ಅದರ ಸಮಾಚಾರವನ್ನು ನಾನೇ ಹೇಳಬೇಕಾಗಿದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಮಂಗಳೂರಿನ ಜೆಪ್ಪುವಿನ ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುವ ಹೆಂಗಸು ನಾನೊಬ್ಬಳೇ ಆಗಿದ್ದೆ. ಮದುವೆಗೆ ಮೊದಲು ಅಪ್ಪನ ಹಳೆಯ ಫಿಯೆಟ್ಟಿನಲ್ಲಿ ಕಲಿತದ್ದು. ಭೂಮಸೂದೆಯಲ್ಲಿ ಗದ್ದೆಗಳೆಲ್ಲ ಹೋದ ಮೇಲೆ ಹೋಟೆಲು ಹಿಡಿದ ಮನೆತನಕ್ಕೆ ನಾನು ಸೊಸೆಯಾಗಿ ಬಂದೆ. ಬಂದ ಹೊಸತರಲ್ಲಿ ಅತ್ತೆ ನೆಂಟರ ಎದುರು ಹೇಳುತ್ತಿದ್ದ ಮಾತು ಒಂದೇ: "ನಮ್ಮ ದೊಡ್ಡ ಸೊಸೆ ಕಾರು ಬಿಡ್ತಾಳೆ, ಗೊತ್ತುಂಟಾ?" ನೆಂಟರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡುತ್ತಿದ್ದರು. ಆ ನೋಟ ನನಗೆ ಬಹಳ ಇಷ್ಟವಾಗಿತ್ತು. ಸುಳ್ಳು ಯಾಕೆ ಹೇಳಲಿ!

ಚಿಕ್ಕ ಸೊಸೆ ಸುಮತಿ. ನನ್ನ ಮೈದುನ ರಘುವಿನ ಹೆಂಡತಿ, ವಾಮಂಜೂರಿನ ಬೇಸಾಯಗಾರರ ಮನೆಯ ಹುಡುಗಿ. ಮದುವೆಯಾಗಿ ಬಂದಾಗ ಅವಳಿಗೆ ಹಂಪನಕಟ್ಟೆಯಲ್ಲಿ ರಸ್ತೆ ದಾಟಲು ಬರುತ್ತಿರಲಿಲ್ಲ. ನನ್ನ ಸೆರಗು ಹಿಡಿದು, ಕಣ್ಣು ಮುಚ್ಚಿ, "ಅಕ್ಕ, ಆಯ್ತಾ, ದಾಟಿ ಆಯ್ತಾ?" ಎಂದು ಕೇಳುತ್ತಿದ್ದಳು. ಆಮೇಲೆ ರಘುವಿಗೆ ಬಹ್ರೇನಿನಲ್ಲಿ ಕೆಲಸ ಸಿಕ್ಕಿತು, ಇಬ್ಬರೂ ಹೋದರು. ಕೆಲವು ವರ್ಷ ಕಳೆದ ಮೇಲೆ ನನ್ನನ್ನು ಕರೆದರು. ನಮ್ಮವರಿಗೆ ಹೋಟೆಲು ಬಿಟ್ಟು ಬರಲಾಗದು, ನಾನೊಬ್ಬಳೇ ಬಜ್ಪೆಯಲ್ಲಿ ವಿಮಾನ ಹತ್ತಿ ಹೊರಟೆ. ಹೊರಡುವ ಮುಂಚೆ ಹಟ ಹಿಡಿದು ಒಂದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ. "ಅಲ್ಲಿ ನಿನಗೆ ಎಂತಕ್ಕೆ ಅದು?" ಎಂದು ನಮ್ಮವರು ಕೇಳಿದರು. ಸುಮತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರಬರ ರಸ್ತೆಯಲ್ಲಿ ಸುತ್ತಾಡಿಸುವ ಚಿತ್ರ ನನ್ನ ತಲೆಯಲ್ಲಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಮುಂದೆ ಬರುವ ನಮ್ಮ ಮನೆಮಂದಿಯ ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಓದುವವರಿಗೆ ತೊಂದರೆ ಬೇಡವೆಂದು ನಮ್ಮೂರ ಕನ್ನಡಕ್ಕೆ ಇಳಿಸಿದ್ದೇನೆ.

ಮುಹರಕ್

ಬಹ್ರೇನಿನ ವಿಮಾನ ನಿಲ್ದಾಣ ಮುಹರಕ್ ಎಂಬ ಪುಟ್ಟ ದ್ವೀಪದಲ್ಲಿದೆ. ಹೊರಗೆ ಕಾಲಿಟ್ಟ ಕೂಡಲೇ ನಮ್ಮ ಹೋಟೆಲಿನ ಒಲೆಯೆದುರು ನಿಂತಂತಾಯಿತು. ರಘು ಕಾರು ತಂದಿದ್ದ, ಕೆನೆ ಬಣ್ಣದ ಜಪಾನಿ ಕಾರು. ನಾನು ಊರಿನ ಅಭ್ಯಾಸದಂತೆ ಎಡಗಡೆಯ ಮುಂದಿನ ಬಾಗಿಲು ತೆಗೆದು ಠೀವಿಯಿಂದ ಕುಳಿತೆ. ಎದುರಿಗೆ ಸ್ಟೇರಿಂಗ್.

"ಅತ್ತಿಗೆ, ಬಂದ ಕೂಡ್ಲೇ ಡ್ರೈವಿಂಗಾ?" ಎಂದು ರಘು ನಕ್ಕ. ಅಲ್ಲಿ ಎಲ್ಲವೂ ನಮಗೆ ತಿರುಗಾಮುರುಗಾ, ಗಾಡಿ ಓಡುವುದೂ ಬಲಗಡೆಯಲ್ಲೇ. ನಾನು ಇಳಿದು ಆಚೆ ಹೋಗಿ ಕುಳಿತೆ.

ಸುಮತಿ ಹಿಂದಿನ ಸೀಟಿನಲ್ಲಿದ್ದಳು. ಕಪ್ಪು ಕನ್ನಡಕ, ಭುಜಕ್ಕಿಂತ ಮೇಲಕ್ಕೆ ಕತ್ತರಿಸಿದ ಕೂದಲು. ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಸಮುದ್ರದ ಮೇಲಿನ ಸೇತುರಸ್ತೆ ದಾಟಿ ಮನಾಮಾ ಊರು ಸೇರುವಾಗ ಅವಳು ಮುಂದಕ್ಕೆ ಬಾಗಿ ನನ್ನ ಕಿವಿಯಲ್ಲಿ ಹೇಳಿದಳು: "ಅಕ್ಕ, ನಾನೂ ಕಾರು ಕಲೀತಾ ಇದ್ದೇನೆ."

ನನ್ನ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದರು.

"ರಸ್ತೆಯಲ್ಲಿ ಓಡಿಸುವ ಪರೀಕ್ಷೆ ಪಾಸಾಯ್ತು. ಮತ್ತೆ ಒಂದು ಬಾಯಿ ಪರೀಕ್ಷೆ ಉಂಟು. ಅಧಿಕಾರಿ ರಸ್ತೆಯ ಬೋರ್ಡುಗಳ ಚಿತ್ರ ತೋರಿಸ್ತಾರೆ, ಅರ್ಥ ಹೇಳ್ಬೇಕು. ಅದರಲ್ಲಿ ಎರಡು ಸಲ ಫೇಲ್."

ಗೀರಿದ ಕಡ್ಡಿ ಆರಿತು. "ಪಾಪ ಮಾರಾಯ್ತಿ, ಬೇಜಾರು ಮಾಡ್ಬೇಡ" ಎಂದೆ. ಅಷ್ಟು ಸಂತೋಷದಿಂದ ನಾನು ಯಾರಿಗೂ ಸಮಾಧಾನ ಹೇಳಿದ್ದಿಲ್ಲ.

ವಿಷಯ ಆಟದ್ದಾಗಿರಲಿಲ್ಲ. ಊರಿನ ಆಚೆ ಬದಿಯ ಒಂದು ಶಿಶುವಿಹಾರದಲ್ಲಿ ಸುಮತಿಗೆ ಟೀಚರ್ ಕೆಲಸ ಸಿಗುವುದಿತ್ತು. ಅಲ್ಲಿಗೆ ಬಸ್ಸಿಲ್ಲ. ರಘು ಬೆಳಗಾಗುವ ಮೊದಲೇ ಕಂಪೆನಿಯ ಬಸ್ಸಿನಲ್ಲಿ ಹೊರಟುಹೋಗುತ್ತಾನೆ, ಕಾರು ಹಗಲಿಡೀ ಮನೆಮುಂದೆ ಬಿಸಿಲು ಕಾಯುತ್ತದೆ. ಶಾಲೆ ತೆರೆಯುವ ಮೊದಲು ಲೈಸೆನ್ಸು ಬಂದರೆ ಕೆಲಸ ಅವಳದ್ದು, ಇಲ್ಲವಾದರೆ ಇನ್ನೊಬ್ಬಳು ಸಾಲಿನಲ್ಲಿ ಕಾಯುತ್ತಿದ್ದಾಳೆ. ಮೂರನೆಯ ಪರೀಕ್ಷೆಗೆ ದಿನ ಗೊತ್ತಾಗಿತ್ತು.

"ನೀವು ಬಂದದ್ದು ಒಳ್ಳೇದಾಯ್ತು ಅಕ್ಕ" ಎಂದಳು ಸುಮತಿ. "ನೀವು ಹೇಳಿಕೊಡಿ."

ಮನಾಮಾ, ಸುಮತಿಯ ಅಡುಗೆಮನೆ

ಆ ಮನೆಯಲ್ಲಿ ನಾನು ಏನನ್ನೆಲ್ಲ ಕಂಡು ಉರಿದೆ ಎಂದು ಬರೆಯಹೊರಟರೆ ಪುಟ ಸಾಲದು. ನಲ್ಲಿ ತಿರುಗಿಸಿದರೆ ಬಿಸಿನೀರು. ಹಗಲೂ ರಾತ್ರಿ ಹೋಗದ ಕರೆಂಟು. ಟ್ರಂಕ್ ಕಾಲ್ ಬುಕ್ ಮಾಡದೆ ಮಾತಾಡುವ ಫೋನು. ಇವೆಲ್ಲ ಹೋಗಲಿ. ನಮ್ಮ ರಘು, ಜೆಪ್ಪುವಿನಲ್ಲಿದ್ದಾಗ ಕುಡಿದ ಲೋಟವನ್ನು ಕಾಲಬುಡದಲ್ಲೇ ಬಿಟ್ಟು ಏಳುತ್ತಿದ್ದ ರಘು, ಅಲ್ಲಿ ಊಟವಾದ ಮೇಲೆ ಪಾತ್ರೆ ತೊಳೆಯುತ್ತಿದ್ದ! ತೊಳೆಯುತ್ತಾ, "ಸುಮತಿ, ಶಾಲೆ ಶುರುವಾದ ಮೇಲೆ ಕಾರಿನ ಬೀಗದಕೈ ನೀನೇ ಇಟ್ಕೋ, ನನಗೆ ಬೇಡ" ಎನ್ನುತ್ತಿದ್ದ. ಬಿಸಿನೀರಿನ ನಲ್ಲಿಗಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು.

ಫ್ರಿಜ್ಜಿನ ಬಾಗಿಲಿಗೆ ಬೋರ್ಡುಗಳ ಚಿತ್ರ ಅಂಟಿಸಿದ್ದರು. ಮಾರನೆಯ ದಿನ ನಾನು ತೆಂಗಿನಕಾಯಿ ತುರಿಯುತ್ತಾ ಪರೀಕ್ಷೆ ಶುರುಮಾಡಿದೆ.

"ಮೊದಲು ನೀವು ಹೇಳಿ ಅಕ್ಕ, ನಾನು ಕೇಳಿ ಕಲೀತೇನೆ" ಎಂದು ಸುಮತಿ ಒಂದು ಚಿತ್ರಕ್ಕೆ ಬೆರಳಿಟ್ಟಳು. ಕೆಂಪು ತ್ರಿಕೋನ, ಒಳಗೆ ಬಾಗಿದ ಗೆರೆ, ಅದರ ಕೆಳಗೆ ಒಂದು ಸಣ್ಣ ಹಲಗೆಯಲ್ಲಿ ಅಂಕಿ.

"ಮುಂದೆ ತಿರುವು ಉಂಟು. ಇದು ಚಿಕ್ಕ ಮಕ್ಕಳಿಗೂ ಗೊತ್ತು."

"ಕೆಳಗಿನದ್ದು?"

"ಕೆಳಗೆ ಎಂತ ಉಂಟು? ಯಾರೋ ಕೊಟ್ಟವರ ಹೆಸರಿರ್ಬೇಕು. ಅದನ್ನು ಯಾರು ಓದ್ತಾರೆ?"

ಸುಮತಿ ಚಿತ್ರದಿಂದ ಬೆರಳು ತೆಗೆದಳು. ಆಮೇಲೆ ಹೊಟ್ಟೆ ಹಿಡಿದು ನಗಲು ಶುರುಮಾಡಿದಳು. "ಅಯ್ಯೋ ಅಕ್ಕ, ನಾನೂ ಮೊದಲ ಸಲ ಅಧಿಕಾರಿಗೆ ಇದನ್ನೇ ಹೇಳಿದ್ದು! ಡೊನೇಷನ್ ಅಂತ! ಅವರಿಗೆ ಎಂತ ಅರ್ಥವೂ ಆಗ್ಲಿಲ್ಲ."

ನಮ್ಮನ್ನು ದೂರಿ ಪ್ರಯೋಜನವಿಲ್ಲ. ನಾವು ಬೆಳೆದ ಊರೇ ಹಾಗೆ. ಮಂಗಳೂರಿನಲ್ಲಿ ಬೋರ್ಡಿನ ಕೆಳಗೊಂದು ಬೋರ್ಡಿದ್ದರೆ ಅದು ದಾನಿಗಳದ್ದು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಬೆನ್ನಿಗೆ ಹೆಸರು, ಭಜನಾ ಮಂದಿರದ ಟ್ಯೂಬ್‌ಲೈಟಿನ ಮೇಲೆ ಬೆಳಕೇ ಕಾಣದಷ್ಟು ಹೆಸರು. ನಮ್ಮವರೇ ಕಾವೂರಿನಲ್ಲಿ ಕೆರೆಯ ಹತ್ತಿರದ ತಿರುವಿಗೆ "ನಿಧಾನವಾಗಿ ಚಲಿಸಿರಿ" ಎಂದು ಒಂದು ಬೋರ್ಡು ಹಾಕಿಸಿದ್ದರು. ಅದರ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ಹೋಟೆಲಿನ ಹೆಸರು, ಮೀನೂಟ ಸಿದ್ಧ ಉಂಟು ಎಂಬ ಸೂಚನೆ. ಅಂಥದ್ದನ್ನು ಬಿಟ್ಟು ಮೇಲಿನದ್ದನ್ನಷ್ಟೇ ಓದುವುದು ನಮ್ಮ ಕಣ್ಣಿಗೆ ರೂಢಿ.

ಬಹ್ರೇನಿನಲ್ಲಿ ಆ ಸಣ್ಣ ಹಲಗೆಯೇ ಯಜಮಾನ. ಸುಮತಿ ಒಂದೊಂದನ್ನೇ ಬಿಡಿಸಿ ಹೇಳಿದಳು. ಬರೀ ಅಂಕಿ ಇದ್ದರೆ, ಇಷ್ಟು ದೂರ ಹೋದ ಮೇಲೆ ತಿರುವು. ಅಂಕಿಯ ಎರಡೂ ಬದಿಗೆ ಬಾಣಗಳಿದ್ದರೆ, ಇಷ್ಟು ದೂರದವರೆಗೂ ತಿರುವುಗಳು. ಗಂಟೆ ಬರೆದಿದ್ದರೆ ಆ ಹೊತ್ತಿಗೆ ಮಾತ್ರ. ಲಾರಿಯ ಚಿತ್ರವಿದ್ದರೆ ಲಾರಿಗೆ ಮಾತ್ರ. ಮಳೆಯ ಚಿತ್ರವಿದ್ದರೆ ರಸ್ತೆ ಒದ್ದೆಯಿದ್ದಾಗ ಮಾತ್ರ.

"ಇಲ್ಲಿ ಮಳೆ ಎಲ್ಲಿ ಉಂಟು?" ಎಂದೆ ನಾನು.

"ಇಲ್ಲ ಅಕ್ಕ. ಪರೀಕ್ಷೆಯಲ್ಲಿ ಮಾತ್ರ ಬರ್ತದೆ."

ಹೇಳಿಕೊಡಲು ಬಂದವಳು ನಾನು, ಕಲಿಯುತ್ತಿದ್ದವಳೂ ನಾನೇ. ಸಂಜೆಯ ಹೊತ್ತಿಗೆ ಸುಮತಿಗೆ ಬಾರದ್ದು ಎರಡೋ ಮೂರೋ, ನನಗೆ ಬಂದದ್ದು ಎರಡೋ ಮೂರೋ. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು, "ಇದೆಲ್ಲ ಪುಸ್ತಕದ ಬದನೆಕಾಯಿ, ಕಾರು ಓಡಿಸುವುದು ಕೈಕಾಲಿನಿಂದ" ಎಂದುಬಿಟ್ಟೆ. ಸುಮತಿ, "ಹೌದು ಅಕ್ಕ" ಎಂದಳು. ಅವಳು ಒಪ್ಪಿದ್ದು ಇನ್ನೂ ಉರಿಸಿತು.

ಹಸನ್ ಮಾಸ್ತರರ ಮನೆ

ಸುಮತಿಗೆ ಕಾರು ಕಲಿಸಿದವರು ಹಸನ್ ಎಂಬ ಹಿರಿಯರು. ಹುಡುಗುಪ್ರಾಯದಲ್ಲಿ ಬೊಂಬಾಯಿಯಲ್ಲಿದ್ದು ವ್ಯಾಪಾರ ಮಾಡಿದವರು, ನನಗಿಂತ ಚೆನ್ನಾಗಿ ಹಿಂದಿ ಮಾತಾಡುತ್ತಿದ್ದರು. ಪರೀಕ್ಷೆಗೆ ಮೊದಲು ಒಂದು ಸಲ ಮನೆಗೆ ಕರೆದರು. ನೆಲದ ಮೇಲಿನ ಜಮಖಾನದಲ್ಲಿ ಎಲ್ಲರೂ ಕುಳಿತೆವು. ಅವರ ಹೆಂಡತಿ ಹಿಡಿಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಏಲಕ್ಕಿ ಹಾಕಿದ ಕಹಿ ಕಾಫಿ ಕೊಟ್ಟರು.

ನಾನು ಕುಡಿದು ಬಟ್ಟಲನ್ನು ಹಿಂದೆ ಕೊಟ್ಟೆ. ಆಕೆ ಮತ್ತೆ ತುಂಬಿಸಿದರು. ಕೊಟ್ಟದ್ದನ್ನು ಬಿಟ್ಟರೆ ಮರ್ಯಾದೆಯಲ್ಲ ಎಂದು ಅದನ್ನೂ ಕುಡಿದೆ. ಮತ್ತೆ ತುಂಬಿಸಿದರು. ಹೀಗೇ ನಡೆದು ನನ್ನ ಎದೆ ಡಬಡಬ ಹೊಡೆಯತೊಡಗಿತು. ಕೊನೆಗೆ ಸುಮತಿ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಎಡಕ್ಕೆ ಬಲಕ್ಕೆ ಒಂದು ಸಲ ಅಲ್ಲಾಡಿಸಿ ಕೊಟ್ಟಳು. ಆಕೆ ನಕ್ಕು ಹೂಜಿ ಒಳಗಿಟ್ಟರು. "ಸಾಕು ಅಂದ್ರೆ ಹೀಗೆ ಅಲ್ಲಾಡಿಸ್ಬೇಕು ಅಕ್ಕ" ಎಂದು ಸುಮತಿ ಪಿಸುಗುಟ್ಟಿದಳು. ನಮ್ಮಲ್ಲಾದರೆ ಬಾಳೆಲೆಗೆ ಕೈ ಅಡ್ಡ ಹಿಡಿದರೂ ಬಡಿಸುತ್ತಾರೆ. ಈ ಬುದ್ಧಿಯನ್ನು ಮೊದಲ ಬಟ್ಟಲಿಗೇ ಹೇಳಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

ಹಸನ್ ಮಾಸ್ತರರು ಸುಮತಿಗೆ ಹೇಳಿದ ಒಂದು ಮಾತು ನೆನಪಿನಲ್ಲಿ ಉಳಿದಿದೆ. "ದೊಡ್ಡ ಬೋರ್ಡು ಹುಕುಂ ಕೊಡುತ್ತದೆ ಮಗಳೇ. ಸಣ್ಣ ಬೋರ್ಡು ಆ ಹುಕುಮಿಗೆ ಬೇಲಿ ಹಾಕುತ್ತದೆ. ಹುಕುಂ ಮಾತ್ರ ಓದಿದವರು ಬೇಲಿಗೆ ಹೋಗಿ ಗುದ್ದುತ್ತಾರೆ." ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ತಂಗಿ ಭಾರಿ ಚುರುಕು" ಎಂದರು. ತಂಗಿಯಲ್ಲ, ಓರಗಿತ್ತಿ ಎಂದು ಹಿಂದಿಯಲ್ಲಿ ಹೇಳಲು ನನಗೆ ಬರಲಿಲ್ಲ.

ಪರೀಕ್ಷೆಯ ದಿನ ತಾವೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದೂ ಅವರು ಹೇಳಿದರು.

"ಬೇಡ, ನಾನಿದ್ದೇನಲ್ಲ" ಎಂದೆ. "ನನ್ನ ಹತ್ತಿರ ಪರ್ಮಿಟ್ ಉಂಟು."

ತರಕಾರಿ ಮಾರುಕಟ್ಟೆ

ಅದುವರೆಗೆ ನಾನು ರಘುವಿನ ಕಾರನ್ನು ಮನೆಯ ಸುತ್ತಮುತ್ತ ಓಡಿಸಿ ಕೈ ಪಳಗಿಸಿಕೊಂಡಿದ್ದೆ. ಎಡಕ್ಕೆ ತಿರುಗುವಾಗ ದೀಪದ ಬದಲು ವೈಪರ್ ಆಡುತ್ತಿತ್ತು, ಅಷ್ಟೇ. ಪರೀಕ್ಷೆಯ ಬೆಳಿಗ್ಗೆ ಸುಮತಿ ಪಕ್ಕದಲ್ಲಿ ಕುಳಿತಳು. ಆಗ ನನ್ನ ತಲೆಗೆ ಬಂದದ್ದು ಲಿಂಬೆಹಣ್ಣು.

ನಮ್ಮೂರಿನಲ್ಲಿ ಹೊಸ ಗಾಡಿಯಾಗಲಿ ದೂರದ ಪ್ರಯಾಣವಾಗಲಿ, ಟಯರಿನ ಅಡಿಯಲ್ಲಿ ಲಿಂಬೆಹಣ್ಣಿಟ್ಟು ಅದರ ಮೇಲೆ ಗಾಡಿ ಹಾಯಿಸದೆ ಹೊರಡುವವರಿಲ್ಲ. ಇಷ್ಟು ದೊಡ್ಡ ಕೆಲಸಕ್ಕೆ ಹೊರಟು ಅದಿಲ್ಲದೆ ಹೇಗೆ? ಹಿರಿಯಳಾಗಿ ನಾನು ಮಾಡಬೇಕಾದದ್ದು ಅದೊಂದಾದರೂ ಇತ್ತು.

"ಬೇಡ ಅಕ್ಕ, ತಡ ಆಗ್ತದೆ" ಎಂದಳು ಸುಮತಿ.

"ಎರಡು ನಿಮಿಷ ಮಾರಾಯ್ತಿ."

ಮಾರುಕಟ್ಟೆಯ ಬದಿಯಲ್ಲಿ ನೀಲಿ ಬೋರ್ಡು, ಅದರಲ್ಲಿ ಬಿಳಿಯ ಪಿ ಅಕ್ಷರ. ಗಾಡಿ ನಿಲ್ಲಿಸಬಹುದು ಎಂದರ್ಥ. ಉದ್ದಕ್ಕೆ ಖಾಲಿ ಜಾಗ. ಇಷ್ಟು ಒಳ್ಳೆಯ ಜಾಗವನ್ನು ಯಾಕೆ ಯಾರೂ ಹಿಡಿದಿಲ್ಲ ಎಂದು ಸಹ ಯೋಚಿಸದೆ ನಿಲ್ಲಿಸಿ ಇಳಿದೆ. ಸುಮತಿ ಗಾಬರಿಯಲ್ಲಿ ಕಣ್ಣು ಮುಚ್ಚಿ ಬಾಯಿಪಾಠ ಹೇಳಿಕೊಳ್ಳುತ್ತಿದ್ದವಳು, ನಾನು ಕರೆದೆನೆಂದು ನನ್ನ ಹಿಂದೆಯೇ ಬಂದಳು. ಲಿಂಬೆ ಆರಿಸಿ ಬರುವಷ್ಟರಲ್ಲಿ ನಮ್ಮ ಕಾರಿನ ಮುಂದೆ ಒಂದು ಲಾರಿ, ಹಿಂದೆ ಒಂದು ಲಾರಿ, ಎರಡೂ ಕಲ್ಲಂಗಡಿ ತುಂಬಿದವು. ನಡುವೆ ನಮ್ಮ ಕಾರು ಕೈ ತೂರಿಸಲೂ ಜಾಗವಿಲ್ಲದಂತೆ ಸಿಕ್ಕಿಬಿದ್ದಿತ್ತು. ಚಾಲಕರು ಯಾರೂ ಇಲ್ಲ.

ಸುಮತಿ ತಲೆಯೆತ್ತಿ ಬೋರ್ಡು ನೋಡಿದಳು. ನಾನೂ ನೋಡಿದೆ. ಪಿ ಅಕ್ಷರದ ಕೆಳಗೆ ಸಣ್ಣ ಹಲಗೆ, ಅದರಲ್ಲಿ ಲಾರಿಯ ಚಿತ್ರ.

"ಲಾರಿಗಳಿಗೆ ಮಾತ್ರ, ಅಕ್ಕ."

ಅಷ್ಟೇ ಹೇಳಿದಳು. ಬೈಯಲಿಲ್ಲ, ಅಳಲಿಲ್ಲ. ಅವಳ ಪರೀಕ್ಷೆ ತಪ್ಪಿಹೋಗಲಿ ಎಂದು ಆ ವಾರವಿಡೀ ಮನಸ್ಸಿನ ಮೂಲೆಯಲ್ಲಿ ಬಯಸಿದವಳು ನಾನೇ. ಬಯಸಿದ್ದು ಕಣ್ಣೆದುರು ಬಂದು ನಿಂತಾಗ ಮಾತ್ರ ಅದು ನನಗೆ ಬೇಡವಾಗಿತ್ತು. ನಮ್ಮ ಮನೆಯ ಸೊಸೆಯ ಕೆಲಸ ಎರಡು ಲಿಂಬೆಹಣ್ಣಿಗೆ ಹೋಯಿತಲ್ಲ ಎಂದು ನಾನು ನಡುರಸ್ತೆಯಲ್ಲಿ ಅಳಲು ಶುರುಮಾಡಿದೆ.

ಸುಮತಿ ನನ್ನ ಕೈ ಹಿಡಿದು ಬದಿಗೆ ನಿಲ್ಲಿಸಿದಳು. ಆಮೇಲೆ ಗಾಡಿಗಳ ನಡುವೆ ನುಗ್ಗಿ ರಸ್ತೆ ದಾಟಿದಳು. ಆಚೆ ಬದಿಯಲ್ಲಿ ಒಂದು ಚಹಾದಂಗಡಿ, ತುಂಬ ಪಠಾಣ ಚಾಲಕರು, ಒಬ್ಬ ಹೆಂಗಸೂ ಇಲ್ಲ. ಅವಳು ನೇರವಾಗಿ ಒಳಗೆ ಹೋದಳು. ಹಂಪನಕಟ್ಟೆಯಲ್ಲಿ ನನ್ನ ಸೆರಗು ಹಿಡಿಯುತ್ತಿದ್ದವಳು!

ಅವಳು ಹರಕು ಹಿಂದಿಯಲ್ಲಿ ಏನೆಂದಳೋ, ನನಗೆ ಕೇಳಿಸಿದ್ದು "ಇಮ್ತಿಹಾನ್" ಎಂಬ ಒಂದು ಶಬ್ದ. ಪರೀಕ್ಷೆ. ಇಡೀ ಅಂಗಡಿಯೇ ಎದ್ದು ನಿಂತಿತು. ಒಬ್ಬ ಚಹಾ ಅರ್ಧಕ್ಕೇ ಬಿಟ್ಟು ಓಡಿ ಬಂದು ಲಾರಿ ಹತ್ತಿದ, ಇನ್ನಿಬ್ಬರು ಕೈ ಬೀಸಿ ಬೇರೆ ಗಾಡಿಗಳನ್ನು ತಡೆದರು, ಒಬ್ಬ ಮುದುಕ ನನ್ನ ಅಳು ನೋಡಿ ಪರೀಕ್ಷೆ ನನ್ನದೇ ಎಂದುಕೊಂಡು, "ಹೆದರಬೇಡ ಬೆಹೆನ್, ಪಾಸಾಗುತ್ತೀ" ಎಂದು ಒಂದು ಕಲ್ಲಂಗಡಿಯನ್ನು ನನ್ನ ಮಡಿಲಿಗೆ ಹಾಕಿದ. ಲಿಂಬೆಹಣ್ಣು ಟಯರಿನ ಅಡಿಗೆ ಬೀಳಲೇ ಇಲ್ಲ. ಸಂಜೆ ಅದನ್ನು ಬಂಗುಡೆ ಮೀನಿಗೆ ಹಿಂಡಿದೆವು.

ಟ್ರಾಫಿಕ್ ಕಚೇರಿ

ಸರಿಯಾದ ಹೊತ್ತಿಗೆ ತಲುಪಿದೆವು. ಸುಮತಿ ಒಳಗೆ ಹೋದಳು, ನಾನು ಹೊರಗಿನ ಬೆಂಚಿನಲ್ಲಿ ಕಲ್ಲಂಗಡಿ ಇಟ್ಟುಕೊಂಡು ಕುಳಿತೆ. ಬೆಂಚಿನ ಬೆನ್ನಿಗೆ ದಾನಿಗಳ ಹೆಸರಿದೆಯೇ ಎಂದು ತಿರುಗಿ ನೋಡಿದೆ, ಇರಲಿಲ್ಲ.

ಅವಳು ಹೊರಗೆ ಬಂದಾಗ ಮುಖ ನೋಡಿಯೇ ಗೊತ್ತಾಯಿತು. ಓಡಿ ಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನೂ ತಬ್ಬಿಕೊಂಡೆ. ಕಣ್ಣಿನಲ್ಲಿ ಸಂತೋಷದ ನೀರೇ ಇತ್ತು, ಹೊಟ್ಟೆಯಲ್ಲಿ ಬೆಂಕಿಯೂ ಇತ್ತು. ಇವೆರಡೂ ಒಂದೇ ಮೈಯಲ್ಲಿ ಹೇಗೆ ಇರುತ್ತವೆ ಎಂದು ನನ್ನನ್ನು ಕೇಳಬೇಡಿ.

"ಎಲ್ಲ ಹೇಳಿದೆ ಅಕ್ಕ. ಕೊನೆಯದ್ದರಲ್ಲಿ ಹೆದರಿಬಿಟ್ಟೆ. ಒಂದು ಬೋರ್ಡು ತೋರಿಸಿದ್ರು, ಕೆಳಗೆ ಎಂತದ್ದೂ ಇಲ್ಲ! ನಾನು ಹುಡುಕಿದೆ, ಹುಡುಕಿದೆ. ಕಡೆಗೆ, ಸರ್, ಕೆಳಗಿನ ಹಲಗೆ ಎಲ್ಲಿ ಅಂತ ಕೇಳಿಯೇಬಿಟ್ಟೆ."

"ಅವರು ಎಂತ ಹೇಳಿದ್ರು?"

"ನಕ್ಕರು. ಕೆಳಗೆ ಇಲ್ಲದಿದ್ರೆ ಷರತ್ತು ಇಲ್ಲ ಅಂತ ಅರ್ಥ, ಆ ಬೋರ್ಡು ಎಲ್ಲರಿಗೂ, ಎಲ್ಲಾ ಹೊತ್ತಿಗೂ, ಎಲ್ಲಿಯವರೆಗೆ ಬೇಕಾದ್ರೂ ಅಂದ್ರು."

ಲೈಸೆನ್ಸು ಕೈಗೆ ಬಂದ ದಿನ ಸುಮತಿ ನನ್ನನ್ನು ಕೂರಿಸಿಕೊಂಡು ಸಮುದ್ರದ ಬದಿಯ ರಸ್ತೆಯಲ್ಲಿ ಹೋದಳು. ನಾನು ಕಲ್ಪಿಸಿಕೊಂಡು ಬಂದ ಚಿತ್ರವೇ, ಸೀಟು ಮಾತ್ರ ಅದಲುಬದಲು. ಚೆನ್ನಾಗಿ ಓಡಿಸುತ್ತಿದ್ದಳು, ಅದೇ ಕಷ್ಟ. ತಪ್ಪು ಹುಡುಕಲು ಎಷ್ಟು ಕಣ್ಣು ಬಿಟ್ಟರೂ ಸಿಗಲಿಲ್ಲ.

"ಊರಲ್ಲಿ ನೀವು ದಿನಾ ಬಿಡ್ತೀರಲ್ಲ ಅಕ್ಕ?" ಎಂದು ಕೇಳಿದಳು, ಏನೂ ಕಪಟವಿಲ್ಲದೆ.

"ದಿನಾ ಎಂತಕ್ಕೆ? ಮೋನಪ್ಪ ಇದ್ದಾನಲ್ಲ." ಮೋನಪ್ಪ ನಮ್ಮ ಡ್ರೈವರ್. "ಅವನು ರಜೆ ಹಾಕಿದ್ರೆ ನಾನು ಬಿಡ್ತೇನೆ."

"ಅವನು ರಜೆ ಹಾಕಿದ ದಿನ ಎಲ್ಲಾ?"

"ನಿನ್ನ ಭಾವ ಕಾರಲ್ಲಿ ಇದ್ರೆ ಇಲ್ಲ. ಹೆಂಡತಿ ಬಿಡುವುದು, ಗಂಡ ಕೂತುಕೊಳ್ಳುವುದು, ಜನ ಎಂತ ಹೇಳ್ತಾರೆ? ಮತ್ತೆ ಮಳೆಗಾಲದಲ್ಲಿ ಇಲ್ಲ. ದೀಪ ಹಚ್ಚಿದ ಮೇಲೆ ಇಲ್ಲ. ಕುಲಶೇಖರದಿಂದ ಆಚೆ ಇಲ್ಲ, ಅಲ್ಲಿ ಇಳಿಜಾರು ಅಂತ ಅವರಿಗೆ ಹೆದರಿಕೆ."

ಸುಮತಿ ಕಿಲಕಿಲ ನಕ್ಕಳು. "ಅಬ್ಬಾ ಅಕ್ಕ, ನಿಮ್ಮ ಲೈಸೆನ್ಸಿನ ಕೆಳಗೆ ಎಷ್ಟು ಹಲಗೆ ಉಂಟು ಮಾರಾಯ್ರೆ!"

ತಮಾಷೆಗೆಂದೇ ಹೇಳಿದ್ದು. ನಾನೂ ನಕ್ಕೆ. ಆದರೆ ಅಲ್ಲಿಂದ ಮನೆ ಮುಟ್ಟುವವರೆಗೆ ಆ ಹಲಗೆಗಳನ್ನೇ ಎಣಿಸುತ್ತಾ ಬಂದೆ. ಇಷ್ಟು ವರ್ಷ ನಾನು ಮೇಲಿನ ಬೋರ್ಡನ್ನಷ್ಟೇ ಓದಿಕೊಂಡು, ಕಾರು ಬಿಡುವ ಸೊಸೆ ಎಂದು ಬೀಗುತ್ತಾ ಬಂದಿದ್ದೆ. ಮಂಗಳೂರಿನವಳಲ್ಲವೇ, ಕೆಳಗಿನದ್ದನ್ನು ಓದುವ ಅಭ್ಯಾಸವೇ ಇಲ್ಲ. ನಿನ್ನೆ ಮೊನ್ನೆ ಕಲಿತ ಸುಮತಿಯ ಲೈಸೆನ್ಸಿನ ಕೆಳಗೆ ಏನೂ ಇರಲಿಲ್ಲ. ಅಷ್ಟು ಹೊಟ್ಟೆಕಿಚ್ಚು ನನಗೆ ಜನ್ಮದಲ್ಲಿ ಆಗಿದ್ದಿಲ್ಲ.

ಮತ್ತೆ ಬಜ್ಪೆ

ನಮ್ಮವರು ಮೋನಪ್ಪನೊಂದಿಗೆ ವಿಮಾನ ನಿಲ್ದಾಣಕ್ಕೆ ಬಂದಿದ್ದರು. ಬೀಗದಕೈ ಕೇಳಬೇಕೆಂದು ವಿಮಾನದಲ್ಲಿ ಇಡೀ ದಾರಿ ಅಂದುಕೊಂಡಿದ್ದೆ. ಮೋನಪ್ಪ ಹಿಂದಿನ ಬಾಗಿಲು ತೆಗೆದು ಹಿಡಿದ, ನಾನು ತೆಪ್ಪಗೆ ಕುಳಿತೆ.

ಕಾವೂರಿನ ತಿರುವಿನಲ್ಲಿ ನಮ್ಮ ಹೋಟೆಲಿನ ಬೋರ್ಡು ಕಾಣಿಸಿತು.

"ತಿರುವು ಎಷ್ಟು ದೂರದಲ್ಲಿ ಉಂಟು ಅಂತ ಕೆಳಗೆ ಬರೆಸಿದ್ರೆ ಒಳ್ಳೇದಿತ್ತು" ಎಂದೆ.

"ತಿರುವು ಎದುರೇ ಕಾಣ್ತದಲ್ಲ" ಎಂದರು ನಮ್ಮವರು. "ಹೋಟೆಲು ಕಾಣುವುದಿಲ್ಲ. ಅದಕ್ಕೇ ಬರೆಸಿದ್ದು."

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು.

ವಾಮಂಜೂರು

ಸುಮತಿ ತನ್ನ ಅಮ್ಮ ಕಮಲಕ್ಕನಿಗೆ ಒಂದು ಕಟ್ಟು ಕೊಟ್ಟಿದ್ದಳು. ಸೆಂಟು, ಬಾದಾಮಿ, ಮತ್ತು ಸ್ಟೇರಿಂಗ್ ಹಿಡಿದು ಕುಳಿತ ತನ್ನ ಫೋಟೋ. ಮಾರನೆಯ ಬೆಳಿಗ್ಗೆ ನಮ್ಮವರು ಹೋಟೆಲಿಗೆ ಹೋದರು. ಮೋನಪ್ಪ, "ನಾನು ಕೊಟ್ಟು ಬರ್ತೇನೆ ಅಮ್ಮ" ಎಂದು ಕೈ ಚಾಚಿದ.

ನಾನೂ ಕೈ ಚಾಚಿದೆ. "ಬೀಗದಕೈ ಕೊಡು."

"ಒಟ್ಟಿಗೆ ಬರ್ಬೇಕಾ?"

"ಬೇಡ. ನೀನು ಚಾ ಕುಡಿ."

ಕುಲಶೇಖರ ಬಂದಾಗ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಪ್ರತಿ ಸಲ ಕಾರು ಹಿಂದೆ ತಿರುಗಿಸುತ್ತಿದ್ದ ಜಾಗ ಅದು. ಹಿಂದಿನಿಂದ ಬಸ್ಸಿನವನು ಹಾರ್ನ್ ಬಾರಿಸಿದ, ನಾನು ಇಳಿಜಾರಿಗೆ ಬಿಟ್ಟೆ. ಹೆದರಿಕೆ ಹುಟ್ಟುವ ಮೊದಲೇ ಇಳಿಜಾರು ಮುಗಿದಿತ್ತು. ಇಷ್ಟಕ್ಕೇನಾ ಇಷ್ಟು ವರ್ಷ, ಎಂದು ಸಿಟ್ಟು ಬಂತು.

ಕಮಲಕ್ಕ ಅಂಗಳಕ್ಕೆ ಬಂದು ಮೊದಲು ನೋಡಿದ್ದು ನನ್ನ ಹಿಂದೆ. "ಮೋನಪ್ಪ ಎಲ್ಲಿ? ಅವನಿಗೂ ತಿಂಡಿ ಕೊಡ್ತೇನೆ."

"ಅವನು ಬರ್ಲಿಲ್ಲ."

"ಮತ್ತೆ ಯಾರ ಒಟ್ಟಿಗೆ ಬಂದದ್ದು?"

"ಒಬ್ಬಳೇ ಬಂದೆ ಕಮಲಕ್ಕ. ನಾನೇ ಬಿಟ್ಟುಕೊಂಡು."

ಆಕೆಗೆ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಕಟ್ಟು ಬಿಚ್ಚಿ ಫೋಟೋ ಕೈಯಲ್ಲಿ ಹಿಡಿದಾಗಿತ್ತು. ಒಂದು ಕೂಗು ಹಾಕಿದರು, ನೆರೆಕರೆಯವರೆಲ್ಲ ಬೀಡಿ ಕಟ್ಟುವ ಸೂಪು, ಅಂದರೆ ಮೊರ, ಹಿಡಿದುಕೊಂಡೇ ಓಡಿ ಬಂದರು. "ನೋಡಿ, ನನ್ನ ಮಗಳು ಕಾರು ಬಿಡುವುದು! ಒಬ್ಬಳೇ! ಪಕ್ಕದಲ್ಲಿ ಯಾರೂ ಇಲ್ಲ, ನೋಡಿ!" ಫೋಟೋ ಕೈಯಿಂದ ಕೈಗೆ ಹೋಯಿತು. ನಿಜವಾದ ಕಾರು ಅಂಗಳದಲ್ಲಿ ನಿಂತಿದೆ, ಅದನ್ನು ಓಡಿಸಿಕೊಂಡು ಬಂದವಳು ಬೀಗದಕೈ ಹಿಡಿದು ಪಕ್ಕದಲ್ಲಿ ನಿಂತಿದ್ದಾಳೆ. ಒಬ್ಬರಾದರೂ ತಿರುಗಿ ನೋಡಬೇಕೇ! ಅತ್ತೆ ಅಲ್ಲಿದ್ದಿದ್ದರೆ ನನ್ನ ಕಾರಿನ ಮಾತನ್ನು ಎತ್ತುತ್ತಿದ್ದರು ಎಂದುಕೊಂಡೆ.

ಜನ ಕರಗಿದ ಮೇಲೆ ಕಮಲಕ್ಕ ಫೋಟೋವನ್ನು ಸೆರಗಿನಲ್ಲಿ ಒರೆಸಿ ಕಾರಿನ ಹತ್ತಿರ ಬಂದರು. ಒಂದು ಸುತ್ತು ಬಂದು ನೋಡಿದರು. ಸ್ಟೇರಿಂಗ್ ನೋಡಿದರು, ನನ್ನ ಕೈಯಲ್ಲಿದ್ದ ಬೀಗದಕೈ ನೋಡಿದರು. ಆಮೇಲೆ ಮುಂದಿನ ಬಾಗಿಲು ತೆಗೆದು, ಸೀರೆ ಸರಿಪಡಿಸಿಕೊಂಡು, ಪಕ್ಕದ ಸೀಟಿನಲ್ಲಿ ಕುಳಿತೇಬಿಟ್ಟರು.

"ಶಾರದಾ, ನನ್ನನ್ನು ಒಂದು ಸಲ ಕರ್ಕೊಂಡು ಹೋಗು. ಹೆಂಗಸು ಕಾರು ಬಿಡುವುದು ಹೇಗೆ ಅಂತ ನಾನು ಹತ್ತಿರದಿಂದ ನೋಡ್ಬೇಕು."

ನನ್ನಲ್ಲಿ ಸುಮತಿಯನ್ನು ನೋಡುವುದಕ್ಕೇ ಅವರು ನನ್ನ ಪಕ್ಕ ಕುಳಿತದ್ದು ಎಂದು ನನಗೆ ಗೊತ್ತಿತ್ತು. ಹೊಟ್ಟೆಯಲ್ಲಿ ಹಳೆಯ ಕಡ್ಡಿ ಇನ್ನೊಮ್ಮೆ ಗೀರಿತು. ಆದರೂ ಕುಳಿತೆ, ಇಂಜಿನ್ ಚಾಲೂ ಮಾಡಿದೆ. ಗೇಟಿನ ಹತ್ತಿರ ರಸ್ತೆ ಎರಡು ಕಡೆಗೆ ಹೋಗುತ್ತಿತ್ತು, ಪಡುವಣಕ್ಕೆ ನಮ್ಮ ಮನೆ, ಮೂಡಣಕ್ಕೆ ನಾನು ಯಾವತ್ತೂ ಓಡಿಸದ ದಾರಿ.

"ಎಲ್ಲಿಯವರೆಗೆ ಹೋಗುವ ಕಮಲಕ್ಕ?" ಎಂದು ಕೇಳಿದೆ.

"ನನಗೆ ಎಂತ ಗೊತ್ತು ಮಾರಾಯ್ತಿ? ಬಿಡುವವಳು ನೀನು. ನಿನಗೆ ಎಲ್ಲಿಯವರೆಗೆ ಬೇಕೋ ಅಲ್ಲಿಯವರೆಗೆ."

ನಾನು ಗೇರು ಹಾಕಿ ಮೂಡಣ ದಿಕ್ಕಿಗೆ ತಿರುಗಿಸಿದೆ.